ಹಳಿ ಇತ್ತು, ರೈಲು ಇರಲಿಲ್ಲ

ಹಾನಗಲ್, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ರೈಲಿಲ್ಲ. ಸವಣೂರಿನವರು ಯಲವಿಗಿಗೆ ಹೋಗಬೇಕು, ಹಾನಗಲ್ಲಿನವರು ಹಾವೇರಿಗೆ. ಚುನಾವಣೆ ಬಂದಾಗಲೆಲ್ಲ ಹೊಸ ಮಾರ್ಗದ ಮಾತು ಏಳುತ್ತೆ. ಹಳಿ ಬಿದ್ದರೆ ರೈಲು ಬಂದಂಗೆ ಅಂತ ನಾನೂ ನಂಬಿದ್ದೆ, ದಾಂಡೇಲಿಯ ಕಥೆ ತಿಳಿಯೋವರೆಗೆ.

ಅಳ್ನಾವರದಿಂದ ಕವಲೊಡೆದು ದಾಂಡೇಲಿಗೆ ಹೋಗುವ ಹಳಿ ಹಾಕಿದ್ದು 1919ರಲ್ಲಿ. ಜನರಿಗಾಗಿ ಅಲ್ಲ, ಕಾಡಿನ ಮರಕ್ಕಾಗಿ. 1950ರ ದಶಕದ ಕೊನೆಗೆ ಕಾಗದ ಕಾರ್ಖಾನೆ ಶುರುವಾದ ಮೇಲೆ ಊರು ಬೆಳೀತು, ಕೆಲಸಕ್ಕೆ ಬಂದ ಜನ ನೆಲೆ ನಿಂತರು. ಆದರೂ 1990ರ ದಶಕದ ಮಧ್ಯದಲ್ಲಿ ಪ್ರಯಾಣಿಕರ ರೈಲು ನಿಂತಿತು. ಹಳಿ ಮಾತ್ರ ಉಳಿಯಿತು.

ಒಂದು ನಿಲ್ದಾಣ ಮುಚ್ಚೋದು ಹೇಗೆ? ಬೀಗ ಹಾಕಿ ಅಲ್ಲ, ವೇಳಾಪಟ್ಟಿಯಿಂದ ಒಂದು ಸಾಲು ತೆಗೆದು. ಕವಲು ಮಾರ್ಗದ ಲೆಕ್ಕ ಹೀಗಿದೆ: ಗಾಡಿ ತುಂಬಿ ಓಡಿದ್ರೂ ಖಾಲಿ ಓಡಿದ್ರೂ ಎಂಜಿನ್, ಸಿಬ್ಬಂದಿ, ಹಳಿ ನಿರ್ವಹಣೆಯ ಖರ್ಚು ಇದ್ದೇ ಇರುತ್ತೆ. ಸಾಮಾನ್ಯ ದರ್ಜೆಯ ಟಿಕೆಟ್‌ನಿಂದ ಅದು ಹುಟ್ಟೋದಿಲ್ಲ. ದೇಶದಾದ್ಯಂತ ಈ ನಷ್ಟ ತುಂಬೋದು ಸರಕು ಸಾಗಣೆಯ ಗಳಿಕೆಯಿಂದ. ಹಾಗಾಗಿ ಇಂಥ ಮಾರ್ಗಕ್ಕೆ ದಿನಕ್ಕೆ ಒಂದೋ ಎರಡೋ ಗಾಡಿ, ಅದೂ ಯಾರಿಗೂ ಒಗ್ಗದ ಹೊತ್ತಿಗೆ. ಬಸ್ಸು ಗಂಟೆಗೊಂದು ಸಿಗುವಾಗ ಜನ ಯಾಕೆ ಕಾಯ್ತಾರೆ? ಅವರು ಬಸ್ಸಿಗೆ ಹೋಗ್ತಾರೆ. ಆಮೇಲೆ 'ಪ್ರಯಾಣಿಕರೇ ಇಲ್ಲ' ಅನ್ನೋದೇ ಗಾಡಿ ನಿಲ್ಲಿಸೋಕೆ ಕಾರಣವಾಗುತ್ತೆ. ಓದುವಾಗ ಇಂಥದ್ದಕ್ಕೆ ಫೀಡ್‌ಬ್ಯಾಕ್ ಲೂಪ್ ಅಂತಿದ್ರು. ಕಡತದಲ್ಲಿ ಅದರ ಹೆಸರು 'ಲಾಭದಾಯಕವಲ್ಲ'.

ಹಾಗಾಗಿ ನಮ್ಮ ಕಡೆ ಮತ ಕೇಳೋಕೆ ಬಂದವರಿಗೆ ಮಾರ್ಗ ಯಾವಾಗ ಅಂತ ಕೇಳಿದ್ರೆ ಸಾಲದು. ದಿನಕ್ಕೆ ಎಷ್ಟು ಗಾಡಿ, ಎಷ್ಟು ಗಂಟೆಗೆ, ಕಾಲೇಜಿಗೂ ಕೋರ್ಟಿಗೂ ಹೊತ್ತಿಗೆ ಮುಟ್ಟಿಸ್ತದಾ, ಮೊದಲ ಕೆಲವು ವರ್ಷದ ನಷ್ಟ ಯಾರ ತಲೆಗೆ? ಉತ್ತರ ಸಿಗದೇ ಇರಬಹುದು, ಕೇಳಿ ಇಟ್ಟಿರಿ.

ದಾಂಡೇಲಿಗೆ ರೈಲು ಮತ್ತೆ ಬಂತು. 2019ರ ನವೆಂಬರ್ 3ರಂದು ಆಗಿನ ರೈಲ್ವೆ ರಾಜ್ಯ ಸಚಿವ ಸುರೇಶ್ ಅಂಗಡಿ ಧಾರವಾಡದಿಂದ ಪ್ಯಾಸೆಂಜರ್ ಗಾಡಿಗೆ ಹಸಿರು ನಿಶಾನೆ ತೋರಿಸಿದರು. ಅದು ಹೋಗಿದ್ದು ಹಳೇ ನಿಲ್ದಾಣಕ್ಕಲ್ಲ, ಊರಂಚಿನ ಅಂಬೇವಾಡಿಯವರೆಗೆ. ಮಾರ್ಚ್ 2020ರಲ್ಲಿ ಕೊರೊನಾ ಬಂದು ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಕಾಲು ಶತಮಾನ ಕಾದು ಪಡೆದ ಗಾಡಿಗೆ ಆಗ ಐದು ತಿಂಗಳೂ ತುಂಬಿರಲಿಲ್ಲ.