ಹೊಸ ಬ್ಯಾಟರಿ ಕೊಳ್ಳುವ ಮುನ್ನ



ಕನಕಪುರದಾಚೆ ಕೋಡಿಹಳ್ಳಿ ಕಡೆಯ ಕಾಡಂಚಿನಲ್ಲಿ ತೋಟವಿರುವವರಿಗೆ ಮೋಟಾರ್ ಸೈಕಲ್ಲಿನ ದೀಪ ಮಂಕಾಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ರಾತ್ರಿ ಕರೆಂಟು ಬಂದಾಗ ಅಡಿಕೆಗೆ ನೀರು ಬಿಡಲು ಹೊರಟವರು, ಮುಂದೆ ಆನೆ ಇದೆಯೋ ಇಲ್ಲವೋ ಕಾಣದೆ, ನಿಂತ ಗಾಡಿಯ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ.

ನಮ್ಮ ಗಾಡಿಗೆ ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದೆವು. ಕೊನೆಗೆ ಮಾಗಡಿ ಕಡೆಯ ಹಳೆಯ ಮೆಕ್ಯಾನಿಕ್ಕೊಬ್ಬರು ಸೀಟು ತೆಗೆದು, ರೆಗ್ಯುಲೇಟರಿನ ತಂತಿ ಸೇರುವ ಕಪ್ಲರ್ ಕರಗಿ ಕಪ್ಪಾಗಿದ್ದುದನ್ನು ತೋರಿಸಿದರು. ಬ್ಯಾಟರಿಗಳ ತಪ್ಪೇನೂ ಇರಲಿಲ್ಲ. ಬೋರು ನೀರೆತ್ತದಿರುವಾಗ ನಾವು ತೊಟ್ಟಿ ಬದಲಾಯಿಸುತ್ತಿದ್ದೆವು, ಅಷ್ಟೆ!

ಎಂಜಿನ್ ತಿರುಗಿದಾಗ ಮ್ಯಾಗ್ನೆಟ್ಟು ತಿರುಗಿ ಕಾಯಿಲ್‌ನಲ್ಲಿ ಕರೆಂಟು ಹುಟ್ಟುತ್ತದೆ. ಅದನ್ನು ಬ್ಯಾಟರಿಗೆ ಒಗ್ಗುವಂತೆ ಡಿ.ಸಿ. ಮಾಡಿ, ಮಿತಿಯಲ್ಲಿಟ್ಟು ಕಳುಹಿಸುವುದು ರೆಗ್ಯುಲೇಟರಿನ ಕೆಲಸ. ಈ ದಾರಿಯಲ್ಲಿ ಎಲ್ಲಿ ತಡೆಯಾಗಿದೆಯೆಂದು ಸಾಧಾರಣ ಮೀಟರೊಂದು ತಿಳಿಸುತ್ತದೆ.

ಗಾಡಿಯನ್ನು ಕೆಲವು ಗಂಟೆ ನಿಲ್ಲಿಸಿದ ಮೇಲೆ ಬ್ಯಾಟರಿಯ ಎರಡು ತುದಿಗೆ ಮೀಟರ್ ಇಡಿ. 12.6 ವೋಲ್ಟಿನ ಆಸುಪಾಸು ಇದ್ದರೆ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ, ಮೊದಲು ಚಾರ್ಜ್ ಮಾಡಿಸಿ. ಬಳಿಕ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಏರಿಸಿ ನೋಡಿ. ಸಾಮಾನ್ಯವಾಗಿ 13.5ರಿಂದ 14.5ರವರೆಗೆ ಬರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಬ್ಯಾಟರಿ ಕುದಿಯುತ್ತದೆ, ಬಲ್ಬು ಸುಡುತ್ತದೆ. (ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾದ 6 ವೋಲ್ಟ್ ಡೈನಮೋಗೆ ಈ ಅಂಕಿಗಳು ಹೊಂದವು. ಅದನ್ನು ಇಂದಿಗೂ ಓಡಿಸುವವರಿಗೆ ನಾವು ಹೇಳಿಕೊಡಬೇಕಾದುದೂ ಇಲ್ಲ.)

ವೋಲ್ಟು ಏರಲಿಲ್ಲವೆಂದು ಕೂಡಲೇ ರೆಗ್ಯುಲೇಟರ್ ಕೊಳ್ಳಬೇಡಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿ, ಸಡಿಲವಾದ ಅರ್ತ್ ತಂತಿ, ಫ್ಯೂಸು, ಕಪ್ಲರುಗಳನ್ನು ಮೊದಲು ನೋಡಿ. ಮಳೆಯಲ್ಲಿ ನೆನೆಯುವ ಕಾಫಿ ಸೀಮೆಯ ಗಾಡಿಗಳಲ್ಲಿ ಇವೇ ಹೆಚ್ಚು ಕಾಡುತ್ತವೆ. ಕಾಯಿಲಿನಿಂದ ಒಂದೇ ಬಣ್ಣದ ಮೂರು ತಂತಿ ಬರುವ ಗಾಡಿಯಾದರೆ, ಕಪ್ಲರ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ಎರಡೆರಡು ತಂತಿಗಳ ನಡುವೆ ಎ.ಸಿ. ವೋಲ್ಟ್ ಅಳೆಯಬೇಕು. ಮೂರು ಜೋಡಿಯಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಒಂದರಲ್ಲಿ ಕುಸಿದರೆ ಕಾಯಿಲ್ ಸುಟ್ಟಿರಬಹುದು. ಈ ತಂತಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಶಾಕ್ ಹೊಡೆಯುತ್ತದೆ.

ಚಾರ್ಜಿಂಗ್ ಸರಿಯಿದ್ದೂ ಬ್ಯಾಟರಿ ಇಳಿಯುವುದುಂಟು. ಡೈರಿಗೆ ಹಾಲು ಹಾಕಿ ಬರುವ ಒಂದು ಕಿಲೋಮೀಟರಿನಲ್ಲಿ ನಾಲ್ಕು ಬಾರಿ ಸೆಲ್ಫ್ ಒತ್ತಿದರೆ, ಹೋದದ್ದು ಮರಳಿ ತುಂಬುವಷ್ಟು ಓಟವೇ ಇರುವುದಿಲ್ಲ. 2017ರಿಂದ ಬಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟು ಹಗಲಲ್ಲೂ ಉರಿಯುತ್ತದೆ. ಅದರ ಮೇಲೆ ನಾವು ಹೆಚ್ಚಿನ ದೀಪ, ದೊಡ್ಡ ಹಾರನ್ನು ಸೇರಿಸುತ್ತೇವೆ. ರಾಮನಗರದ ಗೂಡಿನ ಮಾರುಕಟ್ಟೆಗೋ ಚನ್ನಪಟ್ಟಣಕ್ಕೋ ವಾರಕ್ಕೊಮ್ಮೆಯಾದರೂ ಹೋಗಿಬರುವ ಗಾಡಿಗೆ ಈ ತೊಂದರೆ ಕಡಿಮೆ. ಪೆಟ್ರೋಲ್ ಇಂಜೆಕ್ಷನ್ ಇರುವ ಗಾಡಿಯಲ್ಲಿ ಪೆಟ್ರೋಲ್ ಪಂಪಿಗೂ ಬ್ಯಾಟರಿಯೇ ಬೇಕು. ಪೂರ್ತಿ ಬರಿದಾದರೆ ತಳ್ಳಿದರೂ ಚಾಲೂ ಆಗದು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಕಿತ್ತು ಚಾರ್ಜಿಂಗ್ ಪರೀಕ್ಷಿಸುವ ಹಳೆಯ ಪದ್ಧತಿಯೊಂದು ನಮ್ಮ ಕಡೆ ಇದೆ. ಈಗಿನ ಗಾಡಿಗಳಲ್ಲಿ ಹಾಗೆ ಮಾಡಿದರೆ ರೆಗ್ಯುಲೇಟರ್ ಮಾತ್ರವಲ್ಲ, ಬೆಲೆಬಾಳುವ ಕಂಟ್ರೋಲ್ ಯೂನಿಟ್ಟೂ ಹೋಗಬಹುದು. ಬ್ಯಾಟರಿ ಬಿಚ್ಚಲೇಬೇಕಾದರೆ ಕೀಲಿ ತೆಗೆದು, ಕಪ್ಪು ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಿ.