ಪಯಣ ಮಾಡಿಸುವ ಕಸುಬು

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, "ಸಾರ್, ಟ್ರಾವೆಲ್ ಏಜೆನ್ಸಿ ತೆರೆಯಬೇಕೆಂದಿದ್ದೇನೆ. ತೋಟದ ಮೇಲೆ ಸಾಲ ತೆಗೆದುಕೊಡಲು ಅಪ್ಪ ಒಪ್ಪಿದ್ದಾರೆ. ತಾವೇನು ಹೇಳುತ್ತೀರಿ?" ಎಂದು ಕೇಳಿದ. ಪಂಪ ರನ್ನರನ್ನು ಪಾಠ ಹೇಳಿಕೊಂಡಿದ್ದವನಿಗೆ ಇದು ಹೊರಗಿನ ಪ್ರಶ್ನೆ. ಆದರೂ ತಂದೆಯ ತೋಟವೇ ಪಣಕ್ಕಿರುವಾಗ, 'ಶುಭವಾಗಲಿ' ಎಂದಷ್ಟೇ ಹರಸಿ ಕಳುಹಿಸುವುದು ಉಚಿತವೆನಿಸಲಿಲ್ಲ. ಈ ಕಸುಬಿನಲ್ಲಿರುವ ಕೆಲವರನ್ನು ಕಂಡು, ವಿಚಾರಿಸಿ ತಿಳಿದುದನ್ನು ಕೇಳುಗರ ಮುಂದಿಡುತ್ತಿದ್ದೇನೆ.

ಕಸುಬು ಹೊಸದೇನಲ್ಲ. ಗಯೆ, ಹರಿದ್ವಾರಗಳ ಪಂಡರು ಯಾತ್ರಿಕರ ಬಿಡಾರ, ಊಟ, ಕರ್ಮಗಳಿಗೆ ಏರ್ಪಾಡು ಮಾಡಿ, ಬಂದವರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುತ್ತಿದ್ದರು. ಮೊಮ್ಮಗ ಹೋದಾಗ ತಾತನ ಹೆಸರನ್ನು ತೆಗೆದು ತೋರಿಸುತ್ತಿದ್ದರು. ಇಂದಿನ ರೂಪದ ಏಜೆನ್ಸಿಗಳ ಮೂಲವನ್ನು ಇಂಗ್ಲೆಂಡಿನ ಥಾಮಸ್ ಕುಕ್‌ನಲ್ಲಿ ಗುರುತಿಸುವುದು ವಾಡಿಕೆ. ಆತ 1841ರ ಜುಲೈ 5ರಂದು ಸುಮಾರು 500 ಮಂದಿಯನ್ನು, ತಲೆಗೆ ಒಂದು ಷಿಲಿಂಗಿನಂತೆ, ಪಾನನಿರೋಧ ಸಭೆಗೆಂದು ಲೆಸ್ಟರ್‌ನಿಂದ ಲಫ್‌ಬರೋ ಊರಿಗೆ ರೈಲಿನಲ್ಲಿ ಕರೆದೊಯ್ದ. ಅವನ ಹೆಸರು ಹೊತ್ತ ಬ್ರಿಟನ್ನಿನ ಸಂಸ್ಥೆ 2019ರಲ್ಲಿ ಕುಸಿದುಬಿತ್ತು. ಪರದೇಶಗಳಲ್ಲಿ ಸಿಕ್ಕಿಕೊಂಡ ಸುಮಾರು ಒಂದೂವರೆ ಲಕ್ಷ ಪ್ರವಾಸಿಗಳನ್ನು ಸರ್ಕಾರವೇ ಕರೆತರಬೇಕಾಯಿತು. ಎಷ್ಟು ಹಳೆಯ ಹೆಸರಿದ್ದರೂ ಈ ವ್ಯಾಪಾರದಲ್ಲಿ ನಿಶ್ಚಿಂತೆಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಕಾಲಕ್ಕೆ ವಿಮಾನ ಸಂಸ್ಥೆಗಳು ಕೊಡುತ್ತಿದ್ದ ಕಮಿಷನ್ನಿನಲ್ಲೇ ಏಜೆಂಟನ ಸಂಸಾರ ಸಾಗುತ್ತಿತ್ತು. ಆ ಕಮಿಷನ್ ಕರಗುತ್ತ ಬಂತು. 2002ರಲ್ಲಿ ರೈಲಿನ ಟಿಕೆಟ್ಟೂ ಇಂಟರ್‌ನೆಟ್ಟಿಗೆ ಬಂತು. ಈಗ ಟಿಕೆಟ್ ಕತ್ತರಿಸಿ ಕೊಡುವುದೊಂದೇ ಬದುಕಾಗದು. ಸೇವಾಶುಲ್ಕ, ಹೋಟೆಲು, ವೀಸಾದ ಕಾಗದಪತ್ರ, ಪ್ರಯಾಣ ವಿಮೆ, ಯಾತ್ರಾ ತಂಡಗಳ ಏರ್ಪಾಡು, ಇವುಗಳಿಂದಲೇ ಗಳಿಕೆ.

ಕಲಿಯುವುದಕ್ಕೆ ದಾರಿಗಳಿವೆ. ಕೇಂದ್ರ ಸರ್ಕಾರದ ಪ್ರವಾಸ ಅಧ್ಯಯನ ಸಂಸ್ಥೆ 1983ರಿಂದ ಇದೆ. ಹಲವು ವಿಶ್ವವಿದ್ಯಾಲಯಗಳಲ್ಲೂ ಈ ವಿಷಯದ ಪದವಿಗಳಿವೆ. ಅಮಾಡಿಯಸ್, ಗೆಲಿಲಿಯೊ ಮೊದಲಾದ ಕಂಪ್ಯೂಟರ್ ವ್ಯವಸ್ಥೆಗಳು ಕೈಗೆ ಹತ್ತಬೇಕು. ಅಲ್ಲಿ ಊರುಗಳಿಗೆಲ್ಲ ಮೂರಕ್ಷರದ ಹೆಸರು: ಬೆಂಗಳೂರು 'ಬಿ ಎಲ್ ಆರ್', ಮಂಗಳೂರಾದರೋ, ಏಕೋ ಏನೋ, 'ಐ ಎಕ್ಸ್ ಇ'! ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಮಾನ್ಯತೆ ಪಡೆಯಲು ಹಣಕಾಸಿನ ಭದ್ರತೆ ತೋರಿಸಬೇಕಾಗುತ್ತದೆ. ಆದ್ದರಿಂದ ಹೊಸಬರು ಮಾನ್ಯತೆಯುಳ್ಳ ದೊಡ್ಡ ಏಜೆಂಟರ ಕೈಕೆಳಗೆ ಉಪ ಏಜೆಂಟರಾಗಿ ಆರಂಭಿಸುವುದೇ ರೂಢಿ.

ಇಷ್ಟೆಲ್ಲ ಕಲಿತರೂ ಮುಖ್ಯವಾದುದೊಂದು ಉಳಿಯುತ್ತದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಕೆಲವು ವರ್ಷಗಳ ಹಿಂದೆ, ಹೊರದೇಶದಲ್ಲಿದ್ದ ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಹೊರಟೆವು. ನಮ್ಮ ಕಡೆಯ ಹೆಸರುಗಳ ಪರಿ ತಮಗೆ ಗೊತ್ತು: ಮೊದಲು ಊರು, ಆಮೇಲೆ ತಂದೆ, ಕೊನೆಗೆ ನಾವು, ಊರೂ ತಂದೆಯೂ ಒಂದೊಂದೇ ಅಕ್ಷರದಲ್ಲಿ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ. ನನ್ನ ಪತ್ನಿಯ ಪಾಸ್‌ಪೋರ್ಟಿನಲ್ಲಿ ಆಕೆಯ ತಂದೆಯ ಹೆಸರಿತ್ತು; ಟಿಕೆಟ್ ಮಾಡಿಕೊಟ್ಟವರು ನನ್ನ ಹೆಸರನ್ನು ಸೇರಿಸಿದ್ದರು. ವಿಮಾನ ನಿಲ್ದಾಣದಲ್ಲಿ ತಡೆದರು. ಏಜೆಂಟರಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ ನಾನೂ ಆ ಒಂದು ಹಾಳೆಯನ್ನು ಓದಿ ನೋಡಿರಲಿಲ್ಲ. ನಾಲ್ಕು ದಿನ ತಡವಾಗಿ ತಲುಪುವ ಹೊತ್ತಿಗೆ ಮೊಮ್ಮಗಳು ಹುಟ್ಟಿಯಾಗಿತ್ತು. ಟಿಕೆಟ್ಟಿನ ಹಣವೇನೋ ಹಿಂದಕ್ಕೆ ಬಂತು. ಹೆರಿಗೆಯ ರಾತ್ರಿ ಮಗಳ ಬಳಿ ತಾಯಿ ಇರಲಿಲ್ಲವಲ್ಲ, ಅದನ್ನು ಯಾರು ಹಿಂದಕ್ಕೆ ಕೊಟ್ಟಾರು?

ಈ ಕಥೆಯನ್ನು ಆ ಹುಡುಗನಿಗೆ ಹೇಳಿದೆ. "ಟಿಕೆಟ್ಟನ್ನು ಯಂತ್ರವೂ ಮಾರುತ್ತದಪ್ಪ. ಹೆಸರನ್ನು ಎರಡು ಸಲ ಓದುವುದು, ಅಪರಾತ್ರಿಯಲ್ಲಿ ಫೋನು ಎತ್ತುವುದು, ಇದಕ್ಕೆ ಜನ ನಿನ್ನ ಬಳಿಗೆ ಬರಬೇಕು. ತೋಟ ಹಾಗೇ ಇರಲಿ. ಎರಡು ವರ್ಷ ಬೇರೆಯವರ ಕಚೇರಿಯಲ್ಲಿ ದುಡಿದು ನೋಡು" ಎಂದೆ. ಅವನ ಮುಖ ಸಪ್ಪಗಾಯಿತು. ಆದರೂ ಮಾತು ನಡೆಸಿದ.

ಮೊನ್ನೆ ಫೋನು ಮಾಡಿದ್ದ. ಕಾಶಿಗೆ ಹೊರಟಿದ್ದ ಅಜ್ಜಿಯೊಬ್ಬರ ಟಿಕೆಟ್ಟಿನಲ್ಲಿ ಹೆಸರು ತಪ್ಪಿದ್ದುದನ್ನು ಹಿಂದಿನ ದಿನವೇ ಕಂಡು ಸರಿಪಡಿಸಿದನಂತೆ. ಆ ಅಜ್ಜಿಗೆ ಇದು ತಿಳಿದೇ ಇಲ್ಲ. ತಿಳಿಯಬೇಕಾಗಿಯೂ ಇಲ್ಲ. ಅವನ ಕಸುಬು ಅಂದಿನಿಂದ ಆರಂಭವಾಯಿತೆಂದು ನಾನು ತಿಳಿದಿದ್ದೇನೆ.