ಹೆಸರು ಎರಡು, ಗುಳಿಗೆ ಒಂದೇ

ಹೋದ ವರ್ಷ ಮೇ ತಿಂಗಳಲ್ಲಿ ಅವ್ವ ಧಾರವಾಡದಿಂದ ನಮ್ಮ ಮನೆಗೆ, ವಡೋದರಾಕ್ಕೆ ಬಂದಿದ್ದಳು. ಬಂದ ನಾಲ್ಕನೆಯ ದಿನ ತಲೆನೋವು ಅಂದಳು. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಬಿ.ಪಿ. ಜಾಸ್ತಿ ಇತ್ತು. "ಈಗ ಯಾವ ಗುಳಿಗೆ ತಗೋತಿದ್ದಾರೆ?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. "ಸಣ್ಣದೊಂದು ಬಿಳಿ ಗುಳಿಗಿ" ಎಂದಳು ಅವ್ವ. ನಾನು ಅದನ್ನೇ ಹಿಂದಿಯಲ್ಲಿ ಹೇಳಿದೆ. ಚೀಟಿ, ಸ್ಟ್ರಿಪ್ಪು ಎಲ್ಲ ಮನೆಯಲ್ಲೇ ಇದ್ದವು. ಆಫೀಸಿನ ಕಾಲ್ ಶುರುವಾಗಲು ಹದಿನೈದು ನಿಮಿಷ ಉಳಿದಿತ್ತು. ಡಾಕ್ಟರು ಹೊಸ ಗುಳಿಗೆ ಬರೆದರು, ಕೊಂಡು ಬಂದೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ಅವ್ವ ತಲೆ ತಿರುಗಿ ಕುಸಿದಳು. ಪುಣ್ಯಕ್ಕೆ ಗೋಡೆಗೆ ಆತುಕೊಂಡಿದ್ದರಿಂದ ಪೆಟ್ಟಾಗಲಿಲ್ಲ. ಪಕ್ಕದ ಮನೆಯ ಕಾಕಾ ಬಿ.ಪಿ. ಮಷೀನು ತಂದರು. ಮೇಲಿನ ಅಂಕಿ 92 ತೋರಿಸಿತು. ಕಾಕಾ ಇಲ್ಲಿನ ಔಷಧಿ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವ್ವನ ಗುಳಿಗೆ ಡಬ್ಬಿ ತರಿಸಿ, ಎರಡು ಸ್ಟ್ರಿಪ್ಪುಗಳನ್ನು ಪಕ್ಕಪಕ್ಕ ಇಟ್ಟು, "ಓದು" ಅಂದರು.

ಧಾರವಾಡದ ಸ್ಟ್ರಿಪ್ಪಿನಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ. ವಡೋದರಾದ್ದರಲ್ಲಿ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಜೊತೆಗೆ ಆ್ಯಮ್ಲೋಡಿಪಿನ್ 5 ಮಿಲಿಗ್ರಾಂ. ಕಂಪನಿ ಬೇರೆ, ಹೆಸರು ಬೇರೆ, ಔಷಧಿ ಒಂದೇ. ವಡೋದರಾದ ಮೇ ಬಿಸಿಲಿನಲ್ಲಿ ಅವ್ವ ವಾರವಿಡೀ ಟೆಲ್ಮಿಸಾರ್ಟನ್ನಿನ ಎರಡು ಪಟ್ಟು ಡೋಸು, ಅದರ ಮೇಲೆ ಇನ್ನೊಂದು ಔಷಧಿ ನುಂಗಿದ್ದಳು. "ಒಂದು ಊರಿಂದು, ಒಂದು ಇಲ್ಲಿದು. ಬಣ್ಣಾನ ಬ್ಯಾರೆ ಐತಲ್ಲೋ ತಮ್ಮಾ" ಎಂದಳು. ಅವಳದೇನು ತಪ್ಪು? ದಿನವಿಡೀ ಇನ್ನೊಬ್ಬರ ಕೋಡಿನಲ್ಲಿ ತಪ್ಪು ಹುಡುಕುವ ನಾನು ಎರಡು ಸಾಲು ಓದಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆವು. ಹಳೆಯದನ್ನು ನಿಲ್ಲಿಸಿ, ಹೊಸದರ ಡೋಸನ್ನೂ ಅವರು ಬದಲಿಸಿದರು.

ಈ ಎಡವಟ್ಟು ನಡೆದ ಊರು ಯಾವುದು ನೋಡಿ. 1907ರಲ್ಲೇ ಅಲೆಂಬಿಕ್ ಕಂಪನಿ ಶುರುವಾದದ್ದು ವಡೋದರಾದಲ್ಲಿ. ಅಹಮದಾಬಾದಿನಲ್ಲಿ ಝೈಡಸ್, ಟೊರೆಂಟ್, ಇಂಟಾಸ್‌ನಂಥ ದೊಡ್ಡ ಕಂಪನಿಗಳಿವೆ. ಔಷಧಿಯ ಸೀಮೆಯಲ್ಲೇ ಕುಳಿತು ನಾವು ಔಷಧಿಯನ್ನು ಬಣ್ಣ ನೋಡಿ ಗುರುತಿಸುತ್ತೇವೆ!

ಒಂದೇ ಔಷಧಿಗೆ ಹತ್ತಾರು ಹೆಸರು ಯಾಕೆ ಎಂಬ ಪ್ರಶ್ನೆ ಹಳೆಯದು. ಗುಜರಾತಿನವರೇ ಆದ ಜಯಸುಖಲಾಲ್ ಹಾಥಿ ಅವರ ನೇತೃತ್ವದ ಸಮಿತಿ 1975ರಲ್ಲಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟು, ಬ್ರ್ಯಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಡಬೇಕೆಂದಿತ್ತು. ಅದು ಆಗಲಿಲ್ಲ. ಆದರೆ 1983ರಲ್ಲಿ ಇದೇ ವಡೋದರಾದಲ್ಲಿ ಲೋಕಾಸ್ಟ್ ಎಂಬ ಸಂಸ್ಥೆ ಹುಟ್ಟಿತು. ಅಗತ್ಯ ಔಷಧಿಗಳನ್ನು ಮೂಲ ಹೆಸರಿನಲ್ಲೇ ತಯಾರಿಸಿ, ಬಡವರ ನಡುವೆ ಕೆಲಸ ಮಾಡುವ ಆಸ್ಪತ್ರೆ, ಸಂಘಸಂಸ್ಥೆಗಳಿಗೆ ಕಡಿಮೆ ಬೆಲೆಗೆ ಕೊಡುವುದು ಇದರ ಕೆಲಸ. ಜಾಹೀರಾತು, ಬ್ರ್ಯಾಂಡು ಇಲ್ಲದಿದ್ದರೆ ಗುಳಿಗೆ ಎಷ್ಟು ಅಗ್ಗವಾಗಬಹುದು ಎಂಬುದನ್ನು ಮಾಡಿ ತೋರಿಸಿದವರು ಇವರು. ಔಷಧಿ ಬೆಲೆಗಳ ಬಗ್ಗೆ 2003ರಲ್ಲಿ ಇತರ ಸಂಘಟನೆಗಳ ಜೊತೆ ಸುಪ್ರೀಂ ಕೋರ್ಟಿಗೂ ಹೋದರು. 2013ರ ಬೆಲೆ ನಿಯಂತ್ರಣ ಆದೇಶ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಗೆ ಗರಿಷ್ಠ ಬೆಲೆ ಕಟ್ಟಿದ್ದರ ಹಿಂದೆ ಆ ಮೊಕದ್ದಮೆಯ ಒತ್ತಡವೂ ಇತ್ತು. ನಮ್ಮ ಧಾರವಾಡದಲ್ಲೂ ಡಾ. ಗೋಪಾಲ ದಾಬಡೆ ಮತ್ತು ಡ್ರಗ್ ಆ್ಯಕ್ಷನ್ ಫೋರಂ-ಕರ್ನಾಟಕದವರು ಇದೇ ಮಾತನ್ನು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಊರಲ್ಲಿದ್ದಾಗ ನಾನು ಕಿವಿಗೊಟ್ಟಿರಲಿಲ್ಲ.

ಹಾಗಂತ ಅಗ್ಗದ್ದೆಲ್ಲ ಒಳ್ಳೆಯದು, ದುಬಾರಿಯದೆಲ್ಲ ಮೋಸ ಎಂದಲ್ಲ. ಗುಣಮಟ್ಟದಲ್ಲಿ ಸೋತ ಔಷಧಿಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುತ್ತದೆ. ಅದರಲ್ಲಿ ಹೆಸರಾಂತ ಬ್ರ್ಯಾಂಡುಗಳೂ ಬಂದದ್ದುಂಟು. ಬಿ.ಪಿ., ಶುಗರಿನಂಥ ದಿನನಿತ್ಯದ ಗುಳಿಗೆಗಳಿಗೆ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡಿನ ಅರ್ಧಕ್ಕಿಂತ ಕಡಿಮೆ ಬೆಲೆಯಾಗುವುದು ಸಾಮಾನ್ಯ. ಆದರೆ ಮೂರ್ಛೆರೋಗ, ಥೈರಾಯ್ಡ್, ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಡಾಕ್ಟರನ್ನು ಕೇಳದೆ ಬದಲಿಸಬಾರದು. ಅಲ್ಲಿ ಡೋಸಿನ ಸಣ್ಣ ಏರುಪೇರೂ ತೊಂದರೆ ಕೊಡುತ್ತದೆ.

ಓದದೆ ಕೊಳ್ಳುವುದು ಒಂದು ಚಾಳಿಯಾದರೆ, ಹೆದರಿ ಕೊಳ್ಳುವುದು ಇನ್ನೊಂದು. ಸೂರತ್ತಿನ ಹಳಬರನ್ನು ಮಾತಿಗೆಳೆದರೆ 1994ರ ಸೆಪ್ಟೆಂಬರ್ ಬಗ್ಗೆ ಹೇಳುತ್ತಾರೆ. ಪ್ಲೇಗ್ ಸುದ್ದಿ ಹಬ್ಬಿದ್ದೇ ತಡ, ಲಕ್ಷಾಂತರ ಜನ ಊರು ಬಿಟ್ಟರು. ಟೆಟ್ರಾಸೈಕ್ಲಿನ್‌ಗಾಗಿ ಔಷಧಿ ಅಂಗಡಿಗಳ ಮುಂದೆ ನೂಕುನುಗ್ಗಲು. ದೂರದ ದಿಲ್ಲಿಯಲ್ಲೂ ದಾಸ್ತಾನು ಖಾಲಿಯಾಯಿತು. ಕಾಯಿಲೆ ಇಲ್ಲದವರು ಕೂಡಿಟ್ಟರೆ ಕಾಯಿಲೆ ಇದ್ದವರಿಗೆ ಸಿಗುವುದಿಲ್ಲ. ಕೋವಿಡ್ ಕಾಲದಲ್ಲಿ ನಾವೂ ಅದನ್ನೇ ಮಾಡಿದೆವಲ್ಲ? ಇವತ್ತಿಗೂ ನೆಗಡಿ ಬಂದರೆ ಮೆಡಿಕಲ್ ಸ್ಟೋರಿನಲ್ಲಿ "ಮೂರು ದಿನದ ಆ್ಯಂಟಿಬಯಾಟಿಕ್ ಕೊಡಿ" ಎನ್ನುವವರು ನಮ್ಮ ಕನ್ನಡ ಬಳಗದಲ್ಲೇ ಇದ್ದಾರೆ. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಇರುವುದೇ ಚೀಟಿ ಇಲ್ಲದೆ ಕೊಳ್ಳಬೇಡಿ ಎಂದು ಹೇಳಲಿಕ್ಕೆ.

ಇನ್ನು ಬಿಲ್ಲಿನ ಮಾತು. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಆದರೂ ಆಸ್ಪತ್ರೆಯ ಕೌಂಟರಿನಲ್ಲಿ ಬಾಯಿ ತೆರೆಯಲು ನಮಗೆ ಸಂಕೋಚ. ಪ್ರತಿಯೊಂದಕ್ಕೂ ಬೇರೆಬೇರೆ ಲೆಕ್ಕ ತೋರಿಸಿದ ಬಿಲ್ಲು ಕೇಳಬಹುದು. ರೋಗಿಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಅಹಮದಾಬಾದಿನಲ್ಲಿ ಪ್ರೊ. ಮನುಭಾಯಿ ಶಾ 1978ರಲ್ಲಿ ಕಟ್ಟಿದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಇಂಥ ದೂರುಗಳಿಗೆ ದಾರಿ ತೋರಿಸುತ್ತದೆ. ಮಾರುಕಟ್ಟೆಯ ವಸ್ತುಗಳನ್ನು ತನ್ನದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುವುದು ಅದರ ದೊಡ್ಡ ಕೆಲಸ.

ವಾಟ್ಸಾಪಿನಲ್ಲಿ ಬರುವ "ಶುಗರ್ ಬುಡಸಮೇತ ಮಾಯ" ಪುಡಿಗಳ ಬಗ್ಗೆ ಒಂದೇ ಮಾತು. ಮಧುಮೇಹವೂ ಸೇರಿ ಅನೇಕ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರು ಇದ್ದರೆ ಅದು ಆಹಾರ, ಔಷಧಿಯಲ್ಲ.

ಅವ್ವ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಮಾಡಿಕೊಂಡ ಪದ್ಧತಿ ಇಷ್ಟು:

• ಡಾಕ್ಟರ ಹತ್ತಿರ ಹೋಗುವಾಗ ಗುಳಿಗೆ ಡಬ್ಬಿಯೇ ಜೊತೆಗೆ ಹೋಗಬೇಕು. ನೆನಪಿನಿಂದ ಹೇಳುವುದಿಲ್ಲ.

• ಸ್ಟ್ರಿಪ್ಪಿನಲ್ಲಿ ಮೊದಲು ಓದುವುದು ಮೂಲ ಹೆಸರು ಮತ್ತು ಮಿಲಿಗ್ರಾಂ. ಆಮೇಲೆ ಮುಗಿಯುವ ತಾರೀಖು.

• ಹೊಸ ಗುಳಿಗೆ ಬರೆದರೆ ಮೂರು ಪ್ರಶ್ನೆ: ಇದು ಯಾತಕ್ಕೆ? ಎಷ್ಟು ದಿನ? ಹಳೆಯದು ಮುಂದುವರಿಯಬೇಕೋ, ನಿಲ್ಲಬೇಕೋ?

• ತಗೊಳ್ಳುವ ಗುಳಿಗೆಗಳ ಪಟ್ಟಿ ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಒಂದು ಅವ್ವನ ಚೀಲದಲ್ಲಿ, ಒಂದು ನನ್ನ ಫೋನಿನಲ್ಲಿ.

ಪರವೂರಿನಲ್ಲಿರುವ ನಮಗೆ ಈ ಕೊನೆಯದು ಬಹಳ ಮುಖ್ಯ. ನಮ್ಮ ಹಿರಿಯರಿಗೆ ಎರಡು ಊರು, ಇಬ್ಬರು ಡಾಕ್ಟರು, ಎರಡು ಮೆಡಿಕಲ್ ಸ್ಟೋರು. ಅವರವರಿಗೆ ಮಾತುಕತೆ ಇಲ್ಲ, ಭಾಷೆಯೂ ಒಂದಲ್ಲ. ನಡುವೆ ಇರುವವರು ನಾವೇ. ನಾವು ಓದದಿದ್ದರೆ ಯಾರೂ ಓದುವುದಿಲ್ಲ.

ಅವ್ವ ಈಗ ಧಾರವಾಡದಲ್ಲಿದ್ದಾಳೆ. ಮೊನ್ನೆ ಫೋನು ಮಾಡಿದ್ದಳು: "ತಮ್ಮಾ, ಅಂಗಡ್ಯಾವ ಈ ಸಲ ಬ್ಯಾರೆ ಹೆಸರಿಂದು ಕೊಟ್ಟಾನ. ಆದ್ರ ಒಳಗ ಅದ ಟೆಲ್ಮಿಸಾರ್ಟನ್ ಐತಿ, ನಲವತ್ತರದ. ಬಾಜೂ ಮನಿ ಹುಡುಗಿ ಕಡಿಂದ ಓದಿಸೀನಿ. ಹಳೇದು ಮುಗದ ಮ್ಯಾಲನ ಇದನ್ನ ತಗೋತೀನಿ."